ಟ್ರ್ಯಾಕ್ಟರಿನ ಬೆಲೆಯೂ ಮರೆಯಲ್ಲಿಟ್ಟ ವೆಚ್ಚಗಳೂ

2025ನೆಯ ಇಸವಿಯ ಸೆಪ್ಟೆಂಬರ್ 22ನೆಯ ತಾರೀಖಿನಿಂದ ಒಕ್ಕಲುತನದ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿದುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ತೆರಿಗೆಯನ್ನು ಬಿಟ್ಟು 7 ಲಕ್ಷ ರೂಪಾಯಿ ಬೆಲೆಯುಳ್ಳ ಟ್ರ್ಯಾಕ್ಟರಿನ ಮೇಲೆ ಮೊದಲು 84,000 ರೂಪಾಯಿ ತೆರಿಗೆ ಬೀಳುತ್ತಿದ್ದಲ್ಲಿ ಈಗ ಬೀಳುವುದು 35,000 ರೂಪಾಯಿ ಮಾತ್ರ. ಹೀಗೆ 49,000 ರೂಪಾಯಿಗಳ ಭಾರವು ರೈತನ ತಲೆಯಿಂದ ಇಳಿಯಬೇಕಾದುದು ನ್ಯಾಯ. ಆದರೆ ಬೊಕ್ಕಸದವರು ಬಿಟ್ಟುಕೊಟ್ಟ ಹಣವೆಲ್ಲವೂ ರೈತನ ಗಂಟಿಗೇ ಸೇರುವುದೆಂಬುದಕ್ಕೆ ಭರವಸೆಯೇನು? ತೆರಿಗೆಯ ದರವು ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ಏರಿದರೂ ಇಳಿದರೂ ಊರಿಗೆಲ್ಲ ಗೊತ್ತಾಗುತ್ತದೆ. ಮಾರಾಟದ ಅಂಗಡಿಯ ಲೆಕ್ಕದಲ್ಲಿಯೂ ಸಾಲದ ಕಾಗದಗಳಲ್ಲಿಯೂ ಅಡಗಿರುವ ವೆಚ್ಚಗಳು ಎಲ್ಲಿಯೂ ಅಚ್ಚಾಗುವುದಿಲ್ಲ. ಒಂದು ಕೈಯಿಂದ ಬಂದ ರಿಯಾಯತಿಯು ಇನ್ನೊಂದು ಕೈಗೆ ಸದ್ದಿಲ್ಲದೆ ಜಾರಿಹೋಗುವ ದಾರಿ ಇದೇ. ಆದಕಾರಣ ಈ ವಿಷಯದ ಕಡೆಗೆ ಸರಕಾರದವರ, ಬ್ಯಾಂಕಿನವರ ಮತ್ತು ವಿದ್ಯಾವಂತ ನಾಗರಿಕರ ಲಕ್ಷ್ಯವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವ್ಯಾಪಾರಿಯು ಲಾಭ ಗಳಿಸಬಾರದೆಂದಾಗಲಿ ಸಾಲಿಗನು ಬಡ್ಡಿ ಕೇಳಬಾರದೆಂದಾಗಲಿ ನಾವು ಹೇಳುವುದಿಲ್ಲ. ಬಂಡವಾಳಕ್ಕೆ ಬಡ್ಡಿ, ದುಡಿಮೆಗೆ ಕೂಲಿ ಇರತಕ್ಕದ್ದೇ. ನಮ್ಮ ಆಕ್ಷೇಪಣೆಯು ಮರೆಮಾಚುವಿಕೆಯ ಮೇಲೆ. ಬೆಲೆ ಹೆಚ್ಚಾದರೆ ಕೊಳ್ಳುವವನು ಇನ್ನೊಂದು ಅಂಗಡಿಗೆ ಹೋಗಬಲ್ಲನು. ಬಡ್ಡಿ ಹೆಚ್ಚಾದರೆ ಇನ್ನೊಂದು ಬ್ಯಾಂಕಿನ ಬಾಗಿಲು ತಟ್ಟಬಲ್ಲನು. ಕಾಣದಿರುವ ಬೆಲೆಯನ್ನೂ ಕಾಣದಿರುವ ಬಡ್ಡಿಯನ್ನೂ ಯಾವುದರೊಡನೆ ತೂಗಿ ನೋಡಬೇಕು? ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಡೆಸಿ ನೋಡಿ, ಒಂದು ದಿನವೆಲ್ಲ ಚೌಕಾಸಿ ಮಾಡಿ ಕೊಳ್ಳುತ್ತಿದ್ದ ರೈತನು, ಹತ್ತು ಜೋಡಿ ಎತ್ತಿನ ಕೆಲಸಕ್ಕೆ ಬರುವ ಯಂತ್ರವನ್ನು ಅರ್ಧ ತಾಸಿನಲ್ಲಿ ಕೊಂಡು, ಓದದ ಕಾಗದಗಳಿಗೆ ರುಜು ಹಾಕಿ ಬರುತ್ತಾನೆ. ಅವನ ಬುದ್ಧಿ ಕುಂದಿದುದರಿಂದ ಹೀಗಾದುದಲ್ಲ. ಎತ್ತಿನ ಹಲ್ಲು ಕಾಣುತ್ತಿತ್ತು. ಸಾಲದ ಹಲ್ಲು ಕಾಣುವುದಿಲ್ಲ.

ವ್ಯವಹಾರವು ನಡೆಯುವ ಬಗೆಯನ್ನು ನೋಡೋಣ. ತಾಲೂಕಿನ ಊರಿನಲ್ಲಿ ಡೀಲರರ ಶೋರೂಮು ಇರುತ್ತದೆ. ಬಹುಪಾಲು ರೈತರಿಗೆ ಪೂರ್ತಿ ನಗದು ಕೊಟ್ಟು ಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಸಾಲದ ಕಂಪನಿಯ ಮನುಷ್ಯನು ಅಲ್ಲಿಯೇ ಮೇಜು ಹಾಕಿಕೊಂಡಿರುತ್ತಾನೆ, ಇಲ್ಲವೆ ಡೀಲರರ ಗುಮಾಸ್ತನೇ ಅವನ ಕೆಲಸವನ್ನೂ ಮಾಡುತ್ತಾನೆ. ಗಿರಾಕಿಯನ್ನು ಒದಗಿಸಿದುದಕ್ಕಾಗಿ ಸಾಲ ಕೊಡುವವರಿಂದ ಮಾರುವವರಿಗೆ ಕಮಿಶನ್ ಸಲ್ಲುವ ವಾಡಿಕೆಯೂ ಉಂಟು. ಹೀಗಾಗಿ ಯಾವ ಸಾಲವು ರೈತನಿಗೆ ಅಗ್ಗವೆಂದು ಹೇಳಬೇಕಾದವನಿಗೆ ಯಾವ ಸಾಲವು ತನಗೆ ಲಾಭವೆಂಬ ಯೋಚನೆ ಮೊದಲು ಬರುವುದು ಸ್ವಾಭಾವಿಕ. ರೈತನು ಕೇಳುವ ಪ್ರಶ್ನೆಗಳು ಎರಡೇ: ಈಗ ಕೈಯಿಂದ ಎಷ್ಟು ಕೊಡಬೇಕು? ಸುಗ್ಗಿಗೊಮ್ಮೆ ಕಂತು ಎಷ್ಟು? ಈ ಎರಡಕ್ಕೆ ಉತ್ತರ ದೊರೆತರೆ ಮೂರನೆಯ ಪ್ರಶ್ನೆ ಹುಟ್ಟುವುದೇ ಇಲ್ಲ. ಎಲ್ಲ ಮರೆಮಾಚುವಿಕೆಯು ಆ ಮೂರನೆಯ ಪ್ರಶ್ನೆಯ ಹಿಂದೆ ಅಡಗಿದೆ: ಎಲ್ಲವೂ ಸೇರಿ ಕೊನೆಗೆ ಬೀಳುವುದೆಷ್ಟು?

ಬೆಲೆಯ ಕಡೆಯಿಂದ ಕೂಡಿಕೊಳ್ಳುವ ವೆಚ್ಚಗಳು ಹಲವು. ಹ್ಯಾಂಡ್ಲಿಂಗ್ ಚಾರ್ಜ್ ಎಂದು ಒಂದು, ಸಾಗಾಣಿಕೆ ಎಂದು ಒಂದು, ಒಪ್ಪಿಸುವ ಮುಂಚಿನ ತಪಾಸಣೆಗೆಂದು ಒಂದು, ಆರ್.ಟಿ.ಓ. ಕೆಲಸಕ್ಕೆಂದು ಒಂದು. ನೋಂದಣಿಗೆ ಸರಕಾರದವರು ತೆಗೆದುಕೊಳ್ಳುವ ಶುಲ್ಕವೇ ಬೇರೆ, ಅದನ್ನು ಕಟ್ಟಿ ಬರುವವರು ತೆಗೆದುಕೊಳ್ಳುವ ದುಡ್ಡೇ ಬೇರೆ; ಆದರೆ ಬಿಲ್ಲಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂಡಿಹೋಗಿ, ಸರಕಾರವೇ ಅಷ್ಟನ್ನೂ ತೆಗೆದುಕೊಂಡಿತೆಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಇದರ ಮೇಲೆ ಬಂಪರು, ಮೇಲ್ಛಾವಣಿ, ಕೊಂಡಿ ಮುಂತಾದ ಸಾಮಾನುಗಳು ಕೇಳಿದರೂ ಕೇಳದಿದ್ದರೂ ಬಂದು ಸೇರುತ್ತವೆ.

ವಿಮೆಯದೂ ಇದೇ ಕಥೆ. 1988ರ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ ಮೂರನೆಯವರ ಹಾನಿಗೆ ವಿಮೆ ಮಾಡಿಸುವುದು ಕಡ್ಡಾಯ, ಅದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಇಂಥ ಕಂಪನಿಯಿಂದಲೇ, ಇಂಥ ಅಂಗಡಿಯ ಮೂಲಕವೇ ಮಾಡಿಸಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ವಾಹನ ಮಾರುವವರು ವಿಮೆಯನ್ನೂ ಮಾರುವ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿಯೇ ನಿಯಮಗಳನ್ನು ಮಾಡಿತು. ಗಿರಾಕಿಯನ್ನು ತಮ್ಮಲ್ಲಿಯೇ ವಿಮೆ ಮಾಡಿಸೆಂದು ಬಲವಂತಪಡಿಸಕೂಡದೆಂಬುದು ಅವುಗಳ ಆಶಯ. ಇನ್ನು ಸಾಲಗಾರನ ಜೀವದ ಮೇಲಿನ ವಿಮೆಯನ್ನು ಕಾಯಿದೆಯು ಕೇಳುವುದೇ ಇಲ್ಲ. ಅದು ಒಳ್ಳೆಯ ವಸ್ತುವಾಗಿರಬಹುದು; ಮನೆಯ ಯಜಮಾನನು ತೀರಿಕೊಂಡರೆ ಸಾಲವು ವಿಧವೆಯ ತಲೆಗೆ ಬೀಳದಂತೆ ಕಾಯಬಹುದು. ಆದರೆ ತಿಳಿಸಿ ಮಾರಬೇಕಾದ ವಸ್ತು ಅದು. ಸಾಲದ ಮೊತ್ತದೊಳಗೇ ಕಂತಿನ ಹಣವನ್ನು ಸೇರಿಸಿ, ಅದರ ಮೇಲೂ ಐದು ವರ್ಷ ಬಡ್ಡಿ ವಸೂಲು ಮಾಡಿ, ವಿಮೆಯ ಪತ್ರವನ್ನು ಕೂಡ ರೈತನ ಕೈಗೆ ಕೊಡದೆ ಇದ್ದರೆ ಅದು ಉಪಕಾರವೆಂದು ಕರೆಸಿಕೊಳ್ಳಲಾರದು.

ಸಾಲದ ಕಡೆಯಿಂದ ಬರುವ ಮರೆಮಾಚುವಿಕೆಯು ಇನ್ನೂ ಸೂಕ್ಷ್ಮವಾದುದು. ವಾಚಕರು ಸೀಸದಕಡ್ಡಿ ಹಿಡಿದು ನಮ್ಮೊಡನೆ ಒಂದು ಲೆಕ್ಕವನ್ನು ಮಾಡಬೇಕೆಂದು ಕೋರುತ್ತೇವೆ. ಇದು ಉದಾಹರಣೆಗಾಗಿ ಹಿಡಿದ ಲೆಕ್ಕ. ಸಾಲ 6 ಲಕ್ಷ ರೂಪಾಯಿ, ಅವಧಿ 5 ವರ್ಷ, ಆರು ತಿಂಗಳಿಗೊಂದರಂತೆ 10 ಕಂತು, ಬಡ್ಡಿ ಶೇಕಡಾ 9, ‘ಫ್ಲ್ಯಾಟ್ ರೇಟ್’. ವರ್ಷಕ್ಕೆ 54,000ದಂತೆ ಐದು ವರ್ಷಕ್ಕೆ ಬಡ್ಡಿ 2,70,000, ಅಸಲು ಕೂಡಿ 8,70,000, ಕಂತು 87,000. ಕೇಳುವುದಕ್ಕೆ ಸರಳವಾಗಿದೆ. ಆದರೆ ಇಲ್ಲಿ ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ 6 ಲಕ್ಷದ ಮೇಲೆಯೇ ಕಟ್ಟಲಾಗಿದೆ. ರೈತನಾದರೋ ಪ್ರತಿ ಸುಗ್ಗಿಯಲ್ಲಿಯೂ ಅಸಲಿನ ಒಂದು ಪಾಲನ್ನು ತೀರಿಸುತ್ತ ಬಂದಿದ್ದಾನೆ. ಐದನೆಯ ವರ್ಷದಲ್ಲಿ ಅವನ ಹತ್ತಿರ ಉಳಿದಿರುವುದು ಸಾಲದ ಒಂದು ಚೂರು ಮಾತ್ರ. ತೀರಿಸಿದ ಹಣದ ಮೇಲೂ ಅವನು ಬಡ್ಡಿ ಕೊಡುತ್ತಿದ್ದಾನೆ. ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕುವ ರೀತಿಯಿಂದ ಲೆಕ್ಕ ತೆಗೆದರೆ ಈ ಶೇಕಡಾ 9 ಎಂಬುದು ವಾಸ್ತವದಲ್ಲಿ ಸುಮಾರು 15 ಆಗುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಪ್ರೋಸೆಸಿಂಗ್ ಫೀ, ಫೈಲ್ ಚಾರ್ಜ್, ಛಾಪಾಕಾಗದ, ಜೀವವಿಮೆಯ ಕಂತು ಇವೆಲ್ಲ ಸೇರಿ 30,000 ರೂಪಾಯಿಯನ್ನು ಮೊದಲೇ ಮುರಿದುಕೊಂಡರೆಂದು ಎಣಿಸಿರಿ. ಈಗ ರೈತನಿಗೆ ದಕ್ಕಿದುದು 5,70,000. ಕಂತು ಮಾತ್ರ ಹಿಂದಿನದೇ. ದರವು ಸುಮಾರು 17ಕ್ಕೆ ಏರಿತು. ಇದರ ಮೇಲೆ ಮೊದಲನೆಯ ಕಂತನ್ನು ಟ್ರ್ಯಾಕ್ಟರು ಕೊಡುವ ದಿನವೇ ಮುಂಗಡವಾಗಿ ಕಟ್ಟಿಸಿಕೊಂಡರೆ? ಆಗ ಅವನ ಉಪಯೋಗಕ್ಕೆ ನಿಜವಾಗಿ ಬಂದ ಹಣ 4,83,000 ಮಾತ್ರ. ಉಳಿದ ಒಂಬತ್ತು ಕಂತುಗಳು ಅವೇ 87,000. ದರವು ಶೇಕಡಾ 22ರ ಸಮೀಪಕ್ಕೆ ಬಂದು ನಿಂತಿತು. ಬಾಯಿಯ ಮಾತಿನಲ್ಲಿ 9, ಲೆಕ್ಕದಲ್ಲಿ 22! ಈ ನಡುವೆ ಯಾರೂ ಸುಳ್ಳು ಹೇಳಲಿಲ್ಲ. ಯಾರೂ ನಿಜವನ್ನೂ ಹೇಳಲಿಲ್ಲ. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ.

ಇದು ನಮ್ಮ ಕಲ್ಪನೆಯ ಭಯವಲ್ಲ. ಸಾಲ ಕೊಡುವ ಕೆಲವು ಸಂಸ್ಥೆಗಳು ಒಂದೆರಡು ಕಂತುಗಳನ್ನು ಮುಂಗಡವಾಗಿ ಪಡೆದು, ಬಡ್ಡಿಯನ್ನು ಮಾತ್ರ ಪೂರ್ತಿ ಮೊತ್ತದ ಮೇಲೆ ಎಣಿಸುತ್ತಿದ್ದುದನ್ನು ರಿಸರ್ವ್ ಬ್ಯಾಂಕಿನವರೇ ತಮ್ಮ ತಪಾಸಣೆಯಲ್ಲಿ ಕಂಡು, 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಖಂಡಿಸಿದ್ದಾರೆ. ಸಾಲದ ಹಣ ಕೈಗೆ ಬರುವ ಮುಂಚೆಯೇ, ಮಂಜೂರಾದ ದಿನದಿಂದ ಬಡ್ಡಿ ಹಾಕುವುದನ್ನೂ ಅದರಲ್ಲಿ ಅನ್ಯಾಯದ ಪದ್ಧತಿಯೆಂದು ಎಣಿಸಿ, ಹೆಚ್ಚಾಗಿ ತೆಗೆದುಕೊಂಡುದನ್ನು ಸಾಲಗಾರರಿಗೆ ಹಿಂದಿರುಗಿಸಬೇಕೆಂದು ಹೇಳಲಾಗಿದೆ.

ಸಾಲ ಕೊಡುವಾಗಲೇ ಬಡ್ಡಿಯನ್ನು ಮುರಿದುಕೊಳ್ಳುವ ಈ ಉಪಾಯವು ಹೊಸದಲ್ಲವೆಂಬುದನ್ನು ನಮ್ಮ ನಾಡಿನ ಹಿರಿಯರು ಬಲ್ಲರು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗ, ಅವರು ಮುಖ್ಯವಾಗಿ ಸುಟ್ಟುದು ಸಾಲದ ಪತ್ರಗಳನ್ನು. ಆ ದಂಗೆಯ ಫಲವಾಗಿ 1879ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆ ಬಂದಿತು. ಮುಂದೆ ಮುಂಬಯಿ ಇಲಾಖೆಯ ನಮ್ಮ ಕನ್ನಡ ಜಿಲ್ಲೆಗಳಿಗೂ ಅದು ಹಬ್ಬಿತು. ಆ ಕಾಯಿದೆಯು ಕೊಟ್ಟ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ ಪಡೆಯುವ ಹಕ್ಕನ್ನು ರೈತನಿಗೆ ಕೊಟ್ಟು, ಪತ್ರದ ಮೇಲೆ ಬರೆದ ಮೊತ್ತವನ್ನೇ ನಂಬದೆ ನಿಜವಾಗಿ ಕೈಗೆ ಬಂದ ಹಣವೆಷ್ಟೆಂದು ವಿಚಾರಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ರೈತರ ಪರಿಹಾರದ ಕಾಯಿದೆಯಾಯಿತು. ನೂರು ನೂರೈವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡ ತತ್ವವು ಇದು: ಸಾಲಗಾರನಿಗೆ ಲೆಕ್ಕ ಕಾಣಬೇಕು. ಹಳೆಯ ಸಾಹುಕಾರನ ಕಡತದ ಸ್ಥಾನದಲ್ಲಿ ಗಣಕಯಂತ್ರವು ಬಂದಿದೆಯೆಂಬ ಮಾತ್ರಕ್ಕೆ ಈ ತತ್ವವು ಸಡಿಲಾಗಬೇಕೆ?

ಸಡಿಲಾಗಬಾರದೆಂದೇ ರಿಸರ್ವ್ ಬ್ಯಾಂಕಿನವರು 2024ರ ಏಪ್ರಿಲ್ 15ರಂದು ಇನ್ನೊಂದು ಸುತ್ತೋಲೆಯನ್ನು ಹೊರಡಿಸಿದರು. ಅದರ ಮೇರೆಗೆ 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯ ಸಂಗತಿಗಳ ಪತ್ರವನ್ನು ಸಾಲಗಾರನಿಗೆ ಕೊಡುವುದು ಕಡ್ಡಾಯವಾಯಿತು. ಬಡ್ಡಿ ಮತ್ತು ಶುಲ್ಕಗಳೆಲ್ಲವನ್ನೂ ಕೂಡಿಸಿದ ವಾರ್ಷಿಕ ದರವನ್ನು ಅದರಲ್ಲಿ ಬರೆಯಬೇಕು. ಸಾಲ ಕೊಡುವವರು ಇತರರ ಪರವಾಗಿ ವಸೂಲು ಮಾಡುವ ವಿಮೆ, ವಕೀಲರ ಶುಲ್ಕ ಮೊದಲಾದವೂ ಆ ದರದಲ್ಲಿ ಸೇರಬೇಕು. ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿ ಹೇಳಿ, ತಿಳಿಯಿತೆಂದು ಅವನಿಂದ ಒಪ್ಪಿಗೆ ಪಡೆಯಬೇಕು. ಓದಿ ಯೋಚಿಸಲು ಕಡಿಮೆಯೆಂದರೆ ಮೂರು ಕೆಲಸದ ದಿನಗಳ ಅವಕಾಶವಿರಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ಅವನ ಸ್ಪಷ್ಟ ಸಮ್ಮತಿಯಿಲ್ಲದೆ ಸಾಲದ ಅವಧಿಯಲ್ಲಿ ಎಂದೂ ವಸೂಲು ಮಾಡಕೂಡದು. ತಡವಾದ ಕಂತಿಗೆ ಹಾಕುವ ದಂಡವನ್ನು ಬಡ್ಡಿಯ ರೂಪದಲ್ಲಿ ಬೆಳೆಸಕೂಡದೆಂದೂ ದಂಡದ ಮೇಲೆ ಮತ್ತೆ ಬಡ್ಡಿ ಕಟ್ಟಕೂಡದೆಂದೂ 2023ರ ಆಗಸ್ಟಿನಲ್ಲಿಯೇ ಆಜ್ಞೆಯಾಗಿತ್ತು. ಇವು ಉತ್ತಮವಾದ ನಿಯಮಗಳು. ಇವುಗಳಿಗಾಗಿ ರಿಸರ್ವ್ ಬ್ಯಾಂಕಿನವರನ್ನು ಅಭಿನಂದಿಸಬೇಕು.

ಆದರೆ ಈ ಬೇಲಿಗೆ ಮೂರು ಕಂಡಿಗಳಿವೆ. ಒಂದನೆಯದು: ರಿಸರ್ವ್ ಬ್ಯಾಂಕಿನ ಮಾತು ಸಾಲ ಕೊಡುವವರಿಗೆ ಕಟ್ಟಳೆ, ಟ್ರ್ಯಾಕ್ಟರು ಮಾರುವವರಿಗೆ ಅಲ್ಲ. ಹ್ಯಾಂಡ್ಲಿಂಗ್ ಚಾರ್ಜನ್ನೂ ಆರ್.ಟಿ.ಓ. ಹೆಸರಿನ ದುಡ್ಡನ್ನೂ ಡೀಲರರು ನಗದಾಗಿ ಪಡೆದರೆ ಅದು ಸಾಲದ ಪತ್ರದಲ್ಲಿ ಕಾಣುವುದಿಲ್ಲ. ಬೆಲೆಯಲ್ಲಿ ಸೇರಿಸಿಬಿಟ್ಟರೆ ಬೆಲೆಯಾಗಿಯೇ ಕಾಣುತ್ತದೆ. ಎರಡು ಕಾಗದಗಳ ನಡುವಿನ ಸಂದಿಯಲ್ಲಿಯೇ ರೈತನ ಹಣ ಸೋರುತ್ತದೆ. ಎರಡನೆಯದು: ಸುತ್ತೋಲೆಯು ಚಿಲ್ಲರೆ ಸಾಲವೆಂದೂ ಸಣ್ಣ ಉದ್ಯಮದ ಸಾಲವೆಂದೂ ಹೆಸರಿಸುತ್ತದೆ, ಒಕ್ಕಲಿಗನ ಟ್ರ್ಯಾಕ್ಟರಿನ ಸಾಲವನ್ನು ಬೇರೆ ಹೆಸರು ಹಿಡಿದು ಹೇಳುವುದಿಲ್ಲ. ಇದು ಕೃಷಿ ಸಾಲ, ಈ ನಿಯಮ ಇದಕ್ಕಿಲ್ಲ ಎಂದು ನುಣುಚಿಕೊಳ್ಳುವ ದಾರಿಯನ್ನು ಯಾರಿಗೂ ಬಿಡಬಾರದು. ಮೂರನೆಯದು: ತಿಳಿಯುವ ಭಾಷೆಯೆಂಬ ಮಾತು ಕಾಗದದಲ್ಲಿದೆ, ಆದರೆ ಇಂಗ್ಲೀಷಿನಲ್ಲಿ ಅಚ್ಚಾದ ಹತ್ತಾರು ಪುಟಗಳಿಗೆ ಗುರುತು ಹಾಕಿದಲ್ಲೆಲ್ಲ ಕನ್ನಡದಲ್ಲಿ ರುಜು ಮಾಡಿಸುವ ಪದ್ಧತಿಯು ಹಳ್ಳಿಗರಿಗೆ ಹೊಸದಲ್ಲ. ತನ್ನ ನಾಡಿನಲ್ಲಿ, ತನ್ನ ಹೊಲದ ಆಧಾರದ ಮೇಲೆ ಸಾಲ ತೆಗೆಯುವವನು ತನ್ನ ನುಡಿಯಲ್ಲಿ ಲೆಕ್ಕ ಕೇಳುವುದು ಉಪಕಾರದ ಬೇಡಿಕೆಯಲ್ಲ, ಹಕ್ಕು.

ಡೀಲರರ ಪರವಾಗಿಯೂ ಕೆಲವು ಮಾತುಗಳನ್ನು ಹೇಳಬಹುದು. ಕಂಪನಿಯಿಂದ ದೊರೆಯುವ ಲಾಭ ತೆಳುವಾದುದು, ದಾಸ್ತಾನಿನ ಮೇಲೆ ತಾವೂ ಬಡ್ಡಿ ಕಟ್ಟಬೇಕು, ನೋಂದಣಿಗೆಂದು ಜನರನ್ನು ಓಡಾಡಿಸಬೇಕು, ಪೈಪೋಟಿಯಲ್ಲಿ ಬೆಲೆಯನ್ನು ಇಳಿಸಿ ತೋರಿಸದಿದ್ದರೆ ಗಿರಾಕಿ ಒಳಗೇ ಬರುವುದಿಲ್ಲ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಅನ್ನುವುದಿಲ್ಲ. ಆದರೆ ಮಾಡಿದ ಕೆಲಸಕ್ಕೆ ತೆಗೆದುಕೊಂಡ ಕೂಲಿಯಾದರೆ ಅದನ್ನು ಕಾಗದದ ಮೇಲೆ ಬರೆಯಲು ಸಂಕೋಚವೇಕೆ? ಬರೆಯಲು ಸಾಧ್ಯವಿಲ್ಲದ ಶುಲ್ಕವನ್ನು ಪಡೆಯಲೂ ನ್ಯಾಯವಿಲ್ಲ. ಮೇಲಾಗಿ ಪ್ರಾಮಾಣಿಕನಾದ ಡೀಲರನೇ ಈ ಮರೆಮಾಚುವಿಕೆಯ ಮೊದಲ ಬಲಿ. ಪೂರ್ತಿ ಬೆಲೆಯನ್ನು ಮೊದಲೇ ಹೇಳಿದವನ ಅಂಗಡಿಯು ತುಟ್ಟಿಯೆಂದು ತೋರಿ, ಅರ್ಧ ಹೇಳಿದವನ ಅಂಗಡಿಯು ತುಂಬುತ್ತದೆ.

ಇದು ಕೆಲವು ಸಾವಿರ ರೂಪಾಯಿಗಳ ಮಾತಷ್ಟೇ ಎಂದು ಪಟ್ಟಣದ ವಾಚಕರು ಉದಾಸೀನರಾಗಬಾರದು. ಟ್ರ್ಯಾಕ್ಟರಿನ ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರು ಕೂತಿರುತ್ತದೆ. ಎಷ್ಟೋ ಸಾಲಗಳಲ್ಲಿ ಹೊಲವೂ ಒತ್ತೆಯಾಗಿ ಪಹಣಿಯ ಋಣದ ಕಲಮಿಗೆ ಏರಿರುತ್ತದೆ. ಲೆಕ್ಕದಲ್ಲಿ 9 ಎಂದು ನಂಬಿ 22ನ್ನು ಹೊತ್ತವನಿಗೆ ಒಂದು ಮಳೆ ತಪ್ಪಿದರೆ ಸಾಕು, ಕಂತು ನಿಲ್ಲುತ್ತದೆ. ಕಂತು ನಿಂತರೆ ವಸೂಲಿಯವರು ಬಾಗಿಲಿಗೆ ಬರುತ್ತಾರೆ. ವಸೂಲಿಗೆ ತೋಳ್ಬಲವನ್ನು ಉಪಯೋಗಿಸಕೂಡದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ಎಚ್ಚರಿಸಿತ್ತು. ಹಾಗಿದ್ದರೂ 2022ರ ಸೆಪ್ಟೆಂಬರಿನಲ್ಲಿ ಝಾರ್ಖಂಡದ ಹಜಾರಿಬಾಗ ಜಿಲ್ಲೆಯಲ್ಲಿ, ಬಾಕಿಗಾಗಿ ಟ್ರ್ಯಾಕ್ಟರನ್ನು ಎಳೆದೊಯ್ಯಲು ಬಂದ ಸಂದರ್ಭದಲ್ಲಿ ರೈತನೊಬ್ಬನ ಗರ್ಭಿಣಿ ಮಗಳು ಅದೇ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಪ್ರಾಣಬಿಟ್ಟಳು. ಹೊರಗಿನವರನ್ನು ನೇಮಿಸಿ ವಸೂಲು ಮಾಡಿಸುವುದನ್ನು ನಿಲ್ಲಿಸಬೇಕೆಂದು ಆಮೇಲೆ ರಿಸರ್ವ್ ಬ್ಯಾಂಕು ಆ ಸಂಸ್ಥೆಗೆ ಅಪ್ಪಣೆ ಮಾಡಿತು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಪಟ್ಟಣದವರಿಗೆ ಇದರಲ್ಲಿ ಇನ್ನೊಂದು ಸಂಬಂಧವೂ ಉಂಟು. ಊರಿನ ಅಣ್ಣನೋ ಭಾವಮೈದುನನೋ ಟ್ರ್ಯಾಕ್ಟರು ಕೊಳ್ಳುವಾಗ ಜಾಮೀನಿನ ರುಜುವಿಗೆ ಸಂಬಳದ ನೌಕರನಾದ ಬಂಧುವನ್ನೇ ಹುಡುಕಿಕೊಂಡು ಬರುತ್ತಾರೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಮೇರೆಗೆ, ಬೇರೆ ಕರಾರಿಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಭಾರವಾದುದು. ಆದುದರಿಂದ ರುಜು ಹಾಕುವ ಮುಂಚೆ ಪತ್ರವನ್ನು ಬೇಡಿ ಓದುವುದು ದಾಕ್ಷಿಣ್ಯದ ಭಂಗವಲ್ಲ. ತನಗೂ ತನ್ನವರಿಗೂ ಮಾಡುವ ಉಪಕಾರ. ಇಬ್ಬರು ಸಾಲಿಗರ ಪತ್ರಗಳನ್ನು ತರಿಸಿ, ಬಡ್ಡಿಯ ದರವನ್ನು ಬಿಟ್ಟು ವಾರ್ಷಿಕ ಪೂರ್ಣ ದರವನ್ನು ಮಾತ್ರ ಹೋಲಿಸಿ ನೋಡಿದರೂ ಅರ್ಧ ಕೆಲಸ ಆದಂತೆ.

ಇನ್ನು ಆಗಬೇಕಾದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಡೀಲರರ ಕೊಟೇಶನ್ನಿನ ವೆಚ್ಚಗಳೂ ಸಾಲದ ವೆಚ್ಚಗಳೂ ಕೂಡಿದ ಒಂದೇ ಹಾಳೆಯನ್ನು, ಕನ್ನಡದಲ್ಲಿ, ಮುಂಗಡ ಹಣ ಪಡೆಯುವ ಮುನ್ನವೇ ಕೊಡಬೇಕೆಂಬ ನಿಯಮವಾಗಬೇಕು. ಕೈಯಿಂದ ಕೊಡುವುದೆಷ್ಟು, ಕಂತುಗಳ ಒಟ್ಟು ಮೊತ್ತವೆಷ್ಟು, ಸಾಲವಿಲ್ಲದೆ ಕೊಂಡರೆ ಬೆಲೆಯೆಷ್ಟು ಎಂಬ ಮೂರು ಅಂಕೆಗಳು ಅದರ ತಲೆಯಲ್ಲಿಯೇ ಇರಲಿ. ಸರಕಾರಕ್ಕೆ ಕಟ್ಟಿದ ಹಣಕ್ಕೆ ಸರಕಾರದ ರಸೀದಿಯನ್ನೇ ರೈತನಿಗೆ ಒಪ್ಪಿಸಬೇಕು. ಸಾರಿಗೆ ಇಲಾಖೆಯವರು ನೋಂದಣಿಯ ನಿಜವಾದ ಶುಲ್ಕವನ್ನು ಪ್ರತಿಯೊಂದು ಶೋರೂಮಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರವೆಂಬುದನ್ನು ಜಿಲ್ಲೆಯ ಅಧಿಕಾರಿಗಳು ಮಾರುವವರಿಗೆ ನೆನಪುಮಾಡಿಕೊಡಲಿ. ಟ್ರ್ಯಾಕ್ಟರಿನ ಸಾಲಕ್ಕೂ ಮುಖ್ಯ ಸಂಗತಿಗಳ ಪತ್ರವು ಕಡ್ಡಾಯವೆಂದು ರಿಸರ್ವ್ ಬ್ಯಾಂಕಿನವರು ಹೆಸರು ಹಿಡಿದು ಹೇಳಲಿ.

ಎಲ್ಲಕ್ಕೂ ಮಿಗಿಲಾಗಿ ಸಹಕಾರಿ ಸಂಸ್ಥೆಗಳು ಎಚ್ಚರಗೊಳ್ಳಬೇಕು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದುದು ರೈತನನ್ನು ಕಾಣದ ಬಡ್ಡಿಯಿಂದ ಬಿಡಿಸುವುದಕ್ಕಾಗಿಯೇ. ಶೇಕಡಾ 3ರ ಬಡ್ಡಿಯಲ್ಲಿ ಕೊಡುವ ಮಧ್ಯಮ ಮತ್ತು ದೀರ್ಘಾವಧಿಯ ಕೃಷಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರಕಾರವು 2023ರ ಮುಂಗಡಪತ್ರದಲ್ಲಿ ಘೋಷಿಸಿತು. ಈ ಸಾಲವು ಅರ್ಜಿ ಹಾಕಿದವನಿಗೆ ಉಳುಮೆಯ ಹದ ಮೀರುವುದರೊಳಗೆ ದೊರೆಯುವಂತಾದರೆ ಶೋರೂಮಿನ ಮೇಜಿನ ಮುಂದೆ ಅವನು ಕೈಕಟ್ಟಿ ನಿಲ್ಲಬೇಕಾದ ಪ್ರಸಂಗವೇ ಬರುವುದಿಲ್ಲ. ಅಗ್ಗದ ಸಾಲವು ಆರು ತಿಂಗಳು ತಡವಾಗಿ ಬಂದರೆ ತುಟ್ಟಿಯ ಸಾಲವೇ ಗೆಲ್ಲುತ್ತದೆ.

ತಕ್ಕಡಿಯ ಕಲ್ಲುಗಳಿಗೆ ಸರಕಾರದ ಮುದ್ರೆ ಇರಬೇಕೆಂದು ನಾವು ಬಹುಕಾಲದಿಂದ ಒಪ್ಪಿದ್ದೇವೆ. ಒಂದು ಸೇರು ಕಾಳಿನಲ್ಲಿ ಹಿಡಿ ಕಡಿಮೆಯಾದರೆ ಅದು ಅಪರಾಧ. ರೈತನ ಐದು ವರ್ಷದ ಬೆಳೆಯನ್ನು ತೂಗುವ ತಕ್ಕಡಿಗೂ ಅಂಥದೊಂದು ಮುದ್ರೆ ಬೀಳಬೇಕಾದ ಕಾಲ ಬಂದಿದೆ. ಕಾಯಿದೆಯ ಅರ್ಧ ಕೆಲಸ ಆಗಿದೆ. ಉಳಿದ ಅರ್ಧವನ್ನು ಪೂರ್ತಿಗೊಳಿಸುವುದು ಅಧಿಕಾರದಲ್ಲಿರುವವರ ಹೊಣೆ, ಪೂರ್ತಿಯಾಗುವವರೆಗೆ ಕೇಳುತ್ತಿರುವುದು ಓದುಬರಹ ಬಲ್ಲ ನಮ್ಮೆಲ್ಲರ ಹೊಣೆ.